ಚೀಲಕ್ಕೆ ಪುಟ್ಟದು, ಮೇಜಿಗೆ ದೊಡ್ಡದು

ಗೇಮಿಂಗ್ ಲ್ಯಾಪ್‌ಟಾಪ್ ಮನೆಗೆ ಬಂದಾಯಿತು. ಕಣ್ಣು, ಕತ್ತು, ಕನ್ನಡದ ಒತ್ತಕ್ಷರ - ಮೂರನ್ನೂ ಉಳಿಸಲು ಪಕ್ಕದಲ್ಲೊಂದು ಮಾನಿಟರ್ ಬೇಡವೇ?

ಕಾಸರಗೋಡು: ಕುಂಬಳೆ, ಉಪ್ಪಳ, ಮಂಜೇಶ್ವರ ನಿಲ್ದಾಣಗಳಲ್ಲಿ ಬೆಳಗ್ಗೆ ಮಂಗಳೂರು ಕಡೆಯ ರೈಲು ಹತ್ತುವ ಮಕ್ಕಳ ಬೆನ್ನಚೀಲದಲ್ಲಿ ಈಗ ಬುತ್ತಿ, ಕೊಡೆಯ ಜೊತೆಗೆ ಲ್ಯಾಪ್‌ಟಾಪೂ ಉಂಟು. ಇಂಜಿನಿಯರಿಂಗ್, ಆರ್ಕಿಟೆಕ್ಚರ್, ಅನಿಮೇಷನ್, ವೀಡಿಯೊ ಸಂಕಲನ ಕಲಿಯುವವರಾದರೆ ಅದು ಹೆಚ್ಚಾಗಿ 'ಗೇಮಿಂಗ್ ಲ್ಯಾಪ್‌ಟಾಪ್'. ಹೆಸರು ಕೇಳಿದ ಕೂಡಲೇ ಅಪ್ಪ-ಅಮ್ಮನ ಹುಬ್ಬು ಮೇಲೇರುತ್ತದೆ. ಇದೇನು, ಓದಲಿಕ್ಕೋ ಆಡಲಿಕ್ಕೋ?

ಪ್ರಶ್ನೆ ಸಹಜವೇ. ಆದರೆ ಹೆಸರಿನಲ್ಲಿ ಆಟ ಇದ್ದರೂ ಒಳಗಿರುವುದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್. ಕಟ್ಟಡದ ಮೂರು ಆಯಾಮದ ನಕ್ಷೆ ತಿರುಗಿಸಲು, ಬ್ಲೆಂಡರ್‌ನಲ್ಲಿ ಅನಿಮೇಷನ್ ಮಾಡಲು, ರಾತ್ರಿಯಿಡೀ ನಡೆದ ಯಕ್ಷಗಾನದ ವೀಡಿಯೊ ಕತ್ತರಿಸಿ ಜೋಡಿಸಲು ಬೇಕಾಗುವುದೂ ಇದೇ ಚಿಪ್. ಹಾಗಾಗಿ ಅಡಿಕೆ ಮಾರಿದ ದುಡ್ಡೋ, ಬ್ಯಾಂಕಿನ ಸಾಲವೋ, ಗಲ್ಫ್‌ನಲ್ಲಿರುವ ಅಣ್ಣ ಕಳಿಸಿದ್ದೋ, ಲಕ್ಷದ ಆಸುಪಾಸಿನ ಮೊತ್ತ ಈ ಪುಟ್ಟ ಪೆಟ್ಟಿಗೆಗೆ ಹೋಗುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ರೈಲಿನಲ್ಲಿ ಹೊರಲು ಹಗುರವಾಗಲಿ ಎಂದು 14 ಇಂಚಿನದ್ದು ಕೊಂಡದ್ದಾಯಿತು. ಅದೇ ಪುಟ್ಟ ಪರದೆಗೆ ಮನೆಯಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಮುಖ ಬಗ್ಗಿಸಿ ಕೂತರೆ? ಕತ್ತು ಹಿಡಿಯುತ್ತದೆ, ಕಣ್ಣು ಉರಿಯುತ್ತದೆ. ಪರದೆಯಲ್ಲಿ ಎರಡು ಕಿಟಕಿ ಪಕ್ಕಪಕ್ಕ ತೆರೆದರೆ ಎರಡೂ ಅರ್ಧಂಬರ್ಧ. ಹಾಗೆಂದು 17 ಇಂಚಿನ ಭಾರದ ಲ್ಯಾಪ್‌ಟಾಪ್ ದಿನಾ ಹೊತ್ತು ಹೋಗಲಿಕ್ಕೂ ಆಗದು.

ಇದಕ್ಕೆ ಸಿಗುವ ಉತ್ತರ ಸರಳ. ಹೊರಗೆ ಹೋಗುವಾಗ ಲ್ಯಾಪ್‌ಟಾಪ್ ಮಾತ್ರ. ಮನೆಯ ಮೇಜಿನ ಮೇಲೆ ಕಾಯಂ ಆಗಿ ಕೂರುವ 24 ಅಥವಾ 27 ಇಂಚಿನ ಒಂದು ಮಾನಿಟರ್. ಮನೆಗೆ ಬಂದು ಕೇಬಲ್ ಚುಚ್ಚಿದರೆ ಡೆಸ್ಕ್‌ಟಾಪ್, ಕಿತ್ತರೆ ಲ್ಯಾಪ್‌ಟಾಪ್. ಸಾಧಾರಣ 24 ಇಂಚಿನ ಮಾನಿಟರಿಗೆ ಗೇಮಿಂಗ್ ಲ್ಯಾಪ್‌ಟಾಪಿನ ಬೆಲೆಯ ಐದರಲ್ಲೊಂದು ಪಾಲೂ ಬೇಕಾಗದು. ಆದರೆ ಯಾವುದನ್ನು ಕೊಳ್ಳಬೇಕು, ಎಲ್ಲಿ ಚುಚ್ಚಬೇಕು, ಹೇಗೆ ಇಡಬೇಕು ಎಂದು ತಿಳಿಯದೆ ಹೋದರೆ ಆ ದುಡ್ಡೂ ದಂಡ.

ಪುಟ್ಟದಾದ ಕಥೆ

ಮೊದಲೆಲ್ಲ ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಇಟ್ಟಿಗೆಯ ಹಾಗಿರುತ್ತಿತ್ತು. 2010ರಲ್ಲಿ ಏಲಿಯನ್‌ವೇರ್ ಕಂಪನಿ 11.6 ಇಂಚಿನ 'ಎಂ11ಎಕ್ಸ್' ತಂದಾಗ ಇಷ್ಟು ಸಣ್ಣದರಲ್ಲಿ ಆಟವೇ ಎಂದು ಜನ ಬೆರಗಾದರು. 2013ರಲ್ಲಿ ರೇಜರ್ ಕಂಪನಿಯ 14 ಇಂಚಿನ 'ಬ್ಲೇಡ್' ಬಂತು. 2020ರಲ್ಲಿ ಬಂದ ಆಸುಸ್‌ನ 'ಜೆಫಿರಸ್ ಜಿ14' ಸುಮಾರು 1.6 ಕಿಲೋ ತೂಕದಲ್ಲಿ ದೊಡ್ಡವುಗಳಿಗೆ ಸಡ್ಡು ಹೊಡೆಯುವ ಶಕ್ತಿ ತೋರಿಸಿತು. ಅಲ್ಲಿಂದೀಚೆಗೆ 14 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಎಂಬುದೇ ಒಂದು ವರ್ಗವಾಗಿದೆ.

ಅದೇ 2020ರಲ್ಲಿ ನಮ್ಮ ಕಡೆ ಇನ್ನೊಂದು ಸಂಗತಿಯೂ ನಡೆಯಿತು. ಕೊರೊನಾ ಕಾಲದಲ್ಲಿ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಕಾಲೇಜಿಗೆ ಹೋಗುತ್ತಿದ್ದವರು ಮನೆಯಲ್ಲೇ ಉಳಿದರು. ಕೇರಳದಲ್ಲಿ ಜೂನ್ 1ರಿಂದ 'ಫಸ್ಟ್ ಬೆಲ್' ಹೆಸರಿನಲ್ಲಿ ಪರದೆಯ ಮೇಲೆ ಪಾಠ ಆರಂಭವಾಯಿತು. ಊಟದ ಮೇಜೇ ಕ್ಲಾಸ್‌ರೂಮ್. ಆ ದಿನಗಳಲ್ಲಿ ಸಣ್ಣ ಪರದೆಗೆ ಕಣ್ಣು ಕೀಲಿಸಿ ಕೂತ ಕಷ್ಟ ಅನೇಕ ಮನೆಯವರಿಗೆ ನೆನಪಿರಬಹುದು.

ಇಂಚಿನ ಲೆಕ್ಕ

ಪರದೆಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. 14ರಿಂದ 24ಕ್ಕೆ ಹೋದರೆ ಹತ್ತೇ ಇಂಚು ಹೆಚ್ಚಲ್ಲವೇ ಅನಿಸಬಹುದು. ವಿಸ್ತೀರ್ಣ ನೋಡಿದರೆ ಲೆಕ್ಕವೇ ಬೇರೆ. 24 ಇಂಚಿನದ್ದು 14 ಇಂಚಿನದಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು. 27 ಇಂಚಿನದ್ದು ಸುಮಾರು 3.7 ಪಟ್ಟು!

ಸೆಂಟಿಮೀಟರಿನಲ್ಲಿ ಹೇಳುವುದಾದರೆ 24 ಇಂಚಿನ ಮಾನಿಟರ್ ಪರದೆ ಸುಮಾರು 53 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಎ4 ಕಾಗದ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ. ಅಂದರೆ ಎರಡು ಎ4 ಹಾಳೆ ಹೆಚ್ಚುಕಡಿಮೆ ನಿಜಗಾತ್ರದಲ್ಲೇ ಪಕ್ಕಪಕ್ಕ ಕಾಣಿಸುತ್ತವೆ. ಎಡಗಡೆ ಹಳೆಯ ಪ್ರಸಂಗ ಪುಸ್ತಕದ ಸ್ಕ್ಯಾನ್ ಪುಟ, ಬಲಗಡೆ ಟೈಪ್ ಮಾಡುವ ಪುಟ. ಡಿಟಿಪಿ ಮಾಡುವವರಿಗೆ ಇದಕ್ಕಿಂತ ಏನು ಬೇಕು?

ಇಂಚಿನ ಜೊತೆಗೆ ನೋಡಬೇಕಾದ್ದು ಚುಕ್ಕಿಗಳ ಸಂಖ್ಯೆ. ಇದೇ 'ರೆಸಲ್ಯೂಷನ್'. ಫುಲ್ ಎಚ್‌ಡಿ ಅಂದರೆ 1920×1080, ಸುಮಾರು 20.7 ಲಕ್ಷ ಚುಕ್ಕಿ. ಕ್ಯೂಎಚ್‌ಡಿ ಅಂದರೆ 2560×1440, ಸುಮಾರು 36.9 ಲಕ್ಷ. 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಚುಕ್ಕಿ ಹೆಚ್ಚಿದಷ್ಟೂ ಚಿತ್ರ ನುಣುಪು. ಆದರೆ ಅಷ್ಟೂ ಚುಕ್ಕಿಗೆ ಬಣ್ಣ ತುಂಬಬೇಕಾದ್ದು ಲ್ಯಾಪ್‌ಟಾಪಿನೊಳಗಿನ ಅದೇ ಚಿಪ್. ಕ್ಯೂಎಚ್‌ಡಿಗೆ ಅದರ ಕೆಲಸ ಫುಲ್ ಎಚ್‌ಡಿಯ ಒಂದೂಮುಕ್ಕಾಲು ಪಟ್ಟು, 4ಕೆಗೆ ನಾಲ್ಕು ಪಟ್ಟು. ಪುಟ್ಟ ಲ್ಯಾಪ್‌ಟಾಪಿಗೆ 4ಕೆ ಮಾನಿಟರ್ ಕಟ್ಟಿ ಆಟ ತೆವಳುತ್ತದೆ ಎಂದು ದೂರಿದರೆ ತಪ್ಪು ಲ್ಯಾಪ್‌ಟಾಪಿನದ್ದಲ್ಲ.

ಹಾಗಾಗಿ ಜಾಣ ಜೋಡಿ ಎರಡು. 24 ಇಂಚಿಗೆ ಫುಲ್ ಎಚ್‌ಡಿ, 27 ಇಂಚಿಗೆ ಕ್ಯೂಎಚ್‌ಡಿ. 27 ಇಂಚಿನಲ್ಲಿ ಬರೀ ಫುಲ್ ಎಚ್‌ಡಿ ಕೊಂಡರೆ ಇಂಚಿಗೆ 82 ಚುಕ್ಕಿ ಮಾತ್ರ. ಅಕ್ಷರದ ಅಂಚು ಗರಗರ ಕಾಣುತ್ತದೆ. 24ರಲ್ಲಿ ಅದು 92, ಕ್ಯೂಎಚ್‌ಡಿಯ 27ರಲ್ಲಿ 109.

ಒತ್ತಕ್ಷರದ ಕಷ್ಟ

ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮ ಕನ್ನಡ ಹಾಗಲ್ಲ. 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಎಂದು ಬರೆದು ನೋಡಿ. ಒತ್ತಿನ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಸಣ್ಣ ಪರದೆಯಲ್ಲಿ ಮೊದಲು ಮಸುಕಾಗುವುದೇ ಈ ಒತ್ತುಗಳು. ಅದು ಮಹಾಪ್ರಾಣವೋ ಅಲ್ಪಪ್ರಾಣವೋ ಎಂದು ಮೂಗು ಪರದೆಗೆ ತಾಗಿಸಿ ನೋಡಬೇಕಾಗುತ್ತದೆ. ಕರಡು ತಿದ್ದುವವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ಲೆಕ್ಕ ಹಾಕಿದರೂ ಇದೇ ಉತ್ತರ. ವಿಂಡೋಸ್‌ನಲ್ಲಿ 11 ಪಾಯಿಂಟ್ ಅಕ್ಷರವನ್ನು ಹಿಗ್ಗಿಸದೆ ಇಟ್ಟರೆ ಫುಲ್ ಎಚ್‌ಡಿಯ 14 ಇಂಚಿನ ಪರದೆಯಲ್ಲಿ ಅದಕ್ಕೆ ಸಿಗುವ ಎತ್ತರ ಸುಮಾರು 2.4 ಮಿಲಿಮೀಟರ್. 24 ಇಂಚಿನಲ್ಲಿ ಅದೇ ಅಕ್ಷರಕ್ಕೆ 4 ಮಿಲಿಮೀಟರ್. ಲ್ಯಾಪ್‌ಟಾಪಿನಲ್ಲಿ 'ಸ್ಕೇಲ್' ಶೇ.150ಕ್ಕೆ ಏರಿಸಿ ಅಕ್ಷರ ದೊಡ್ಡದು ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ ಆಗ ಪರದೆಯಲ್ಲಿ ಹಿಡಿಸುವ ಜಾಗ 1280×720ರಷ್ಟಕ್ಕೆ ಕುಗ್ಗುತ್ತದೆ. ದೊಡ್ಡ ಮಾನಿಟರಿನಲ್ಲಿ ಅಕ್ಷರವೂ ದೊಡ್ಡದು, ಜಾಗವೂ ಅದರ ಎರಡೂಕಾಲು ಪಟ್ಟು.

ಕನ್ನಡ ಓದುವವರು ಗಮನಿಸಬೇಕಾದ ಇನ್ನೊಂದು ವಿಷಯ: ಮಾನಿಟರಿನ ಸಹಜ ರೆಸಲ್ಯೂಷನ್‌ನಲ್ಲೇ ಅದನ್ನು ಇಡಬೇಕು. ಕ್ಯೂಎಚ್‌ಡಿ ಮಾನಿಟರನ್ನು ಫುಲ್ ಎಚ್‌ಡಿಗೆ ಇಳಿಸಿ ಅಕ್ಷರ ದೊಡ್ಡದು ಮಾಡಿಕೊಂಡರೆ ಒತ್ತುಗಳೆಲ್ಲ ಕಲಸಿದ ಹಾಗಾಗುತ್ತವೆ. ದೊಡ್ಡ ಅಕ್ಷರ ಬೇಕಿದ್ದರೆ 'ಸ್ಕೇಲ್' ಬದಲಿಸಿ, ರೆಸಲ್ಯೂಷನ್ ಮುಟ್ಟಬೇಡಿ.

ಬಣ್ಣದ ಮಾತೂ ಉಂಟು. ಅಗ್ಗದ ಎಷ್ಟೋ ಲ್ಯಾಪ್‌ಟಾಪ್ ಪರದೆಗಳು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಅಳತೆಯ ಮೂರನೇ ಎರಡು ಪಾಲನ್ನಷ್ಟೇ ತೋರಿಸುತ್ತವೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಚಿತ್ರೀಕರಿಸುವವರಿಗೆ ಕೊರತೆಯಿಲ್ಲ. ಬಣ್ಣದ ವೇಷದ ಕೆಂಪು ಇಂಥ ಪರದೆಯಲ್ಲಿ ಸಪ್ಪೆ. ಸಪ್ಪೆಯಾಯಿತೆಂದು ಸಂಕಲನದಲ್ಲಿ ಬಣ್ಣ ಏರಿಸಿದರೆ, ನೋಡುವವರ ಮೊಬೈಲಿನಲ್ಲಿ ಕಣ್ಣು ಕುಕ್ಕುವ ಹಾಗೆ ಕಾಣುತ್ತದೆ. ಮಾನಿಟರ್ ಕೊಳ್ಳುವಾಗ 'ಐಪಿಎಸ್' ಪ್ಯಾನೆಲ್, ಎಸ್‌ಆರ್‌ಜಿಬಿ ಶೇ.99ರ ಹತ್ತಿರ ಎಂದು ಬರೆದದ್ದನ್ನು ನೋಡಿ ಆರಿಸುವುದು ಒಳ್ಳೆಯದು.

ಮನೆಯ ಟಿವಿ ಸಾಲದೇ?

ಹಲವರು ಕೇಳುವ ಪ್ರಶ್ನೆ ಇದು. ಹಾಲ್‌ನಲ್ಲಿ 32 ಇಂಚಿನ ಟಿವಿ ಇರುವಾಗ ಮತ್ತೊಂದು ಪರದೆ ಯಾಕೆ?

ಸಿನಿಮಾ ನೋಡಲು ಟಿವಿ ಸಾಕು. ಓದಲು, ಬರೆಯಲು ಸಾಲದು. 32 ಇಂಚಿನ 'ಎಚ್‌ಡಿ ರೆಡಿ' ಟಿವಿಗಳಲ್ಲಿ ಹೆಚ್ಚಿನವು 1366×768 ಚುಕ್ಕಿಯವು. ಇಂಚಿಗೆ 50 ಚುಕ್ಕಿಯೂ ಇಲ್ಲ. ಹತ್ತಡಿ ದೂರದಿಂದ ಚೆಂದ ಕಂಡದ್ದು ಎರಡಡಿ ಹತ್ತಿರದಿಂದ ಕಣ್ಣಿಗೆ ಶಿಕ್ಷೆ. ಜೊತೆಗೆ ಟಿವಿ ಚಿತ್ರವನ್ನು ತನ್ನದೇ ರೀತಿಯಲ್ಲಿ ಸಂಸ್ಕರಿಸಿ ತೋರಿಸುವುದರಿಂದ ಮೌಸ್ ಅಲುಗಿಸಿದ ಮೇಲೆ ಬಾಣ ತಡವಾಗಿ ಬಂದ ಹಾಗನಿಸುತ್ತದೆ. 'ಗೇಮ್ ಮೋಡ್' ಇದ್ದರೆ ಅದನ್ನು ಹಾಕಿ ತಡ ಕಡಿಮೆ ಮಾಡಬಹುದು.

ಅಟ್ಟದಲ್ಲಿ ಹಳೆಯ 17 ಅಥವಾ 19 ಇಂಚಿನ ಎಲ್‌ಸಿಡಿ ಮಾನಿಟರ್ ಬಿದ್ದಿದ್ದರೆ ಎಸೆಯಬೇಡಿ. ನೀಲಿ ಬಣ್ಣದ ವಿಜಿಎ ಕೇಬಲ್ಲಿನ ಆ ಮಾನಿಟರಿಗೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಆಟಕ್ಕೆ ಆಗದಿದ್ದರೂ ನಿಘಂಟು, ಪಾಠದ ಪಿಡಿಎಫ್ ತೆರೆದಿಡಲು ಎರಡನೇ ಪರದೆಯಾಗಿ ಚಾಕರಿ ಮಾಡುತ್ತದೆ.

ಎಲ್ಲಿ ಚುಚ್ಚಬೇಕು?

ಗೊಂದಲ ಜಾಸ್ತಿ ಇರುವುದು ಇಲ್ಲೇ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಒಂದು ಪ್ರೊಸೆಸರ್‌ನೊಳಗಿನ ಚಿಕ್ಕದು, ಇನ್ನೊಂದು ದೊಡ್ಡದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ದೊಡ್ಡ ಚಿಪ್ ಬಿಡಿಸಿದ ಚಿತ್ರ ಚಿಕ್ಕದರ ಮೂಲಕವೇ ಲ್ಯಾಪ್‌ಟಾಪ್ ಪರದೆಗೆ ಹೋಗುತ್ತದೆ. ಬ್ಯಾಟರಿ ಉಳಿಸಲು ಮಾಡಿದ ಏರ್ಪಾಡು ಇದು. ಎನ್‌ವಿಡಿಯಾ ಕಂಪನಿ 2010ರಲ್ಲಿ 'ಆಪ್ಟಿಮಸ್' ಹೆಸರಿನಲ್ಲಿ ತಂದದ್ದು. ಈ ಸುತ್ತುಬಳಸಿನ ದಾರಿಯಿಂದ ಆಟದ ವೇಗ ಸ್ವಲ್ಪ ಕಡಿಮೆಯಾಗುತ್ತದೆ.

ಹೊರಗಿನ ಮಾನಿಟರನ್ನು ದೊಡ್ಡ ಚಿಪ್‌ಗೆ ನೇರ ಜೋಡಿಸಿದ ಕಿಂಡಿಗೆ ಚುಚ್ಚಿದರೆ ಈ ಸುತ್ತು ತಪ್ಪುತ್ತದೆ. ಕೆಲವು ಮಾದರಿಯಲ್ಲಿ ಅದು ಎಚ್‌ಡಿಎಂಐ, ಇನ್ನು ಕೆಲವಲ್ಲಿ ಯುಎಸ್‌ಬಿ-ಸಿ. ತಿಳಿಯುವುದು ಹೇಗೆ? ಎನ್‌ವಿಡಿಯಾ ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ 'ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್' ತೆರೆದು 'ಫಿಸ್‌ಎಕ್ಸ್' ಪುಟ ನೋಡಿದರೆ ಯಾವ ಪರದೆ ಯಾವ ಚಿಪ್‌ಗೆ ಸೇರಿದೆ ಎಂಬ ಚಿತ್ರ ಕಾಣುತ್ತದೆ.

ಎಲ್ಲ ಯುಎಸ್‌ಬಿ-ಸಿ ಕಿಂಡಿಯಲ್ಲೂ ಚಿತ್ರ ಬರುವುದಿಲ್ಲ ಎಂಬುದು ನೆನಪಿರಲಿ. ಕೆಲವು ಬರೀ ಡೇಟಾಕ್ಕೆ, ಚಾರ್ಜಿಂಗ್‌ಗೆ. ಕಿಂಡಿಯ ಪಕ್ಕ ಡಿಸ್‌ಪ್ಲೇಪೋರ್ಟಿನ 'ಡಿಪಿ' ಗುರುತೋ, ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಚಿತ್ರ ಬರುತ್ತದೆ. ಗುರುತು ಇಲ್ಲದಿದ್ದರೆ ಲ್ಯಾಪ್‌ಟಾಪಿನ ಕೈಪಿಡಿ ನೋಡುವುದೇ ಸೈ.

ಕೇಬಲ್ಲಿನಲ್ಲೂ ಜಾತಿ ಉಂಟು. ಹಳೆಯ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. 2013ರಲ್ಲಿ ಬಂದ 2.0ರಲ್ಲಿ 60 ಸಲ, 2017ರಲ್ಲಿ ಬಂದ 2.1ರಲ್ಲಿ 120 ಸಲ. ಲ್ಯಾಪ್‌ಟಾಪ್, ಕೇಬಲ್, ಮಾನಿಟರ್ ಮೂರರಲ್ಲಿ ಯಾವುದು ಹಿಂದೆ ಬಿದ್ದಿದೆಯೋ ಅದರ ವೇಗವೇ ಒಟ್ಟು ವೇಗ. ಮಾನಿಟರಿನ ಪೆಟ್ಟಿಗೆಯಲ್ಲೇ ಬಂದ ಕೇಬಲ್ ಬಳಸುವುದು ಕ್ಷೇಮ.

ಇನ್ನೊಂದು ಮಾತು. 144 ಹರ್ಟ್ಸ್ ಮಾನಿಟರ್ ತಂದು ವರ್ಷವಾದರೂ ಅದು 60ರಲ್ಲೇ ಓಡುತ್ತಿರುವ ಮನೆಗಳಿರುತ್ತವೆ! ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಹೋಗಿ ರಿಫ್ರೆಶ್ ರೇಟ್ ಎಷ್ಟಿದೆ ಎಂದು ಒಮ್ಮೆ ನೋಡಿ.

ಚುಚ್ಚಿದ ಮೇಲೆ

ವಿಂಡೋಸ್ ಕೀಲಿ ಮತ್ತು 'ಪಿ' ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ: ಲ್ಯಾಪ್‌ಟಾಪ್ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡನ್ನೂ ಸೇರಿಸಿ ಒಂದೇ ಉದ್ದ ಪರದೆ, ಹೊರಗಿನ ಪರದೆ ಮಾತ್ರ. ಓದು, ಬರಹಕ್ಕೆ ಮೂರನೆಯದು ಉತ್ತಮ. ಆಟಕ್ಕೆ, ಭಾರದ ಕೆಲಸಕ್ಕೆ ನಾಲ್ಕನೆಯದು ಹಗುರ. ಕೇರಳದ ಶಾಲೆಗಳಲ್ಲಿ ಕಲಿಸುವ ಲಿನಕ್ಸ್‌ನಲ್ಲೂ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಇಂಥದೇ ಆಯ್ಕೆಗಳುಂಟು. 2018ರಲ್ಲಿ ಶುರುವಾದ ಶಾಲಾ ಐಟಿ ಕೂಟ 'ಲಿಟಲ್ ಕೈಟ್ಸ್'ನಲ್ಲಿ ಅನಿಮೇಷನ್, ಸ್ಕ್ರ್ಯಾಚ್ ಕಲಿತ ಮಕ್ಕಳಿಗೆ ಇದೆಲ್ಲ ನೀರು ಕುಡಿದ ಹಾಗೆ. ಮನೆಯ ಹಿರಿಯರು ಅವರನ್ನೇ ಕೇಳಬಹುದು.

ಎಚ್‌ಡಿಎಂಐ ಚುಚ್ಚಿದ ಕೂಡಲೇ 'ಶಬ್ದವೇ ಬರುವುದಿಲ್ಲ' ಎಂಬ ದೂರು ಸಾಮಾನ್ಯ. ಕಾರಣ ಇಷ್ಟೆ: ಶಬ್ದವೂ ಅದೇ ಕೇಬಲ್ಲಿನಲ್ಲಿ ಮಾನಿಟರಿಗೆ ಹೋಗುತ್ತದೆ, ಬಹಳ ಮಾನಿಟರುಗಳಲ್ಲಿ ಸ್ಪೀಕರ್ ಇರುವುದಿಲ್ಲ. ಕೆಳಗಿನ ಪಟ್ಟಿಯ ಸ್ಪೀಕರ್ ಚಿತ್ರ ಒತ್ತಿ ಮತ್ತೆ ಲ್ಯಾಪ್‌ಟಾಪ್ ಸ್ಪೀಕರನ್ನೇ ಆರಿಸಿದರಾಯಿತು.

ಕ್ಯಾಮರಾ ಉಳಿಯುವುದು ಲ್ಯಾಪ್‌ಟಾಪಿನಲ್ಲೇ. ಅಜ್ಜಿ ದೊಡ್ಡ ಮಾನಿಟರ್ ನೋಡುತ್ತಾ ಮಾತಾಡಿದರೆ ದುಬೈಯಲ್ಲಿರುವ ಮೊಮ್ಮಗನಿಗೆ ಕಾಣುವುದು ಅಜ್ಜಿಯ ಕಿವಿ! ವೀಡಿಯೊ ಕರೆಯ ಹೊತ್ತಿಗೆ ಲ್ಯಾಪ್‌ಟಾಪನ್ನು ಮಾನಿಟರಿನ ಎದುರಿಗೆ ನಡುವೆ ತನ್ನಿ.

ಮುಚ್ಚಳ ಮುಚ್ಚಿಯೂ ಲ್ಯಾಪ್‌ಟಾಪ್ ಓಡಿಸಬಹುದು. ಅದಕ್ಕೆ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ 'ಏನೂ ಮಾಡಬೇಡ' ಎಂದಿಡಬೇಕು. ಆದರೆ ಕೆಲವು ಪುಟ್ಟ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಕೀಲಿಮಣೆಯ ಸಂದಿಯಿಂದಲೂ ಗಾಳಿ ಎಳೆದುಕೊಳ್ಳುತ್ತವೆ, ಬಿಸಿಗಾಳಿಯನ್ನು ಹಿಂಜಿನ ಪಕ್ಕದಿಂದ ಬಿಡುತ್ತವೆ. ಅಂಥದ್ದನ್ನು ಮುಚ್ಚಿಟ್ಟು ಆಟ ಆಡಿದರೆ ಒಳಗೆ ಬೆಂಕಿ. ನಮ್ಮ ಕರಾವಳಿಯ ಮೇ ತಿಂಗಳ ಸೆಖೆ ಬೇರೆ. ತೆರೆದಿಟ್ಟು, ಕೆಳಗೆ ಗಾಳಿಯಾಡುವ ಸ್ಟ್ಯಾಂಡ್ ಇಡುವುದೇ ಲೇಸು. ಹಾಸಿಗೆ, ದಿಂಬಿನ ಮೇಲಂತೂ ಇಡಲೇಬಾರದು.

ಕತ್ತಿಗೆ ನೆಮ್ಮದಿ

ಲ್ಯಾಪ್‌ಟಾಪಿನ ಮೂಲ ದೋಷ ಒಂದೇ: ಪರದೆ, ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಹಿತವಾದರೆ ಕತ್ತು ಬಗ್ಗುತ್ತದೆ, ಕತ್ತಿಗೆ ಹಿತವಾದರೆ ಕೈ ಮೇಲೇರುತ್ತದೆ. ಮಾನಿಟರ್ ಬಂದಾಗ ಈ ಗಂಟು ಬಿಚ್ಚುತ್ತದೆ.

ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ದೂರ ಒಂದು ತೋಳಿನಷ್ಟು. ಮೇಜು ಎರಡಡಿಯಾದರೂ ಆಳ ಬೇಕು. 27 ಇಂಚಿನದಕ್ಕೆ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಮೇಜು ಸಣ್ಣದಾದರೆ ಗೋಡೆಗೆ ಬಿಗಿಯಬಹುದು. ಅದಕ್ಕಾಗಿ ಮಾನಿಟರಿನ ಬೆನ್ನಲ್ಲಿ 'ವೆಸಾ' ಅಳತೆಯ, ಅಂದರೆ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇವೆಯೇ ನೋಡಿ ಕೊಳ್ಳಿ. ಬೇರೆ ಕೀಲಿಮಣೆ, ಮೌಸ್ ಬೇಕೇ ಬೇಕು. ಮಾನಿಟರ್ ನೇರ ಎದುರಿಗೆ, ಲ್ಯಾಪ್‌ಟಾಪ್ ಪಕ್ಕಕ್ಕೆ. ಪಕ್ಕದಲ್ಲಿ ಮಾನಿಟರ್ ಇಟ್ಟು ದಿನವಿಡೀ ಕತ್ತು ತಿರುಗಿಸಿ ಕೂತರೆ ನೋವು ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಕಿಟಕಿ ಬೆನ್ನ ಹಿಂದೆಯೂ ಬೇಡ, ಕಣ್ಣೆದುರೂ ಬೇಡ. ಪಕ್ಕದಲ್ಲಿದ್ದರೆ ಬೆಳಕು ಹಿತ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಿ ಎಂಬ ಸೂತ್ರವನ್ನು ಕಣ್ಣಿನ ವೈದ್ಯರು ಹೇಳುವುದುಂಟು. ಅಂಗಳದ ತೆಂಗಿನಮರ ಅಷ್ಟೇ ದೂರದಲ್ಲಿರಬಹುದು, ನೋಡಿ!

ಕರೆಂಟು, ಸಿಡಿಲು

ಮಾನಿಟರಿನಿಂದ ಕರೆಂಟ್ ಬಿಲ್ ಏರುತ್ತದೆಯೇ? 24 ಇಂಚಿನ ಎಲ್‌ಇಡಿ ಮಾನಿಟರ್ ಸುಮಾರು 15ರಿಂದ 25 ವ್ಯಾಟ್ ಎಳೆಯುತ್ತದೆ. 25 ವ್ಯಾಟ್ ಎಂದೇ ಹಿಡಿದರೂ ಒಂದು ಯೂನಿಟ್ ಆಗಲು 40 ಗಂಟೆ ಬೇಕು. ನಿಜವಾಗಿ ಎಳೆಯುವುದು ಲ್ಯಾಪ್‌ಟಾಪು. ಆಟದ ಹೊತ್ತಿಗೆ ಅದು 150 ವ್ಯಾಟ್ ಎಳೆದರೆ ಏಳು ಗಂಟೆಯೊಳಗೆ ಒಂದು ಯೂನಿಟ್ ಮುಗಿಯಿತು.

ಯುಎಸ್‌ಬಿ-ಸಿ ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಚಾರ್ಜೂ ಕೊಡುವ ಮಾನಿಟರುಗಳಿವೆ. ಬರಹಕ್ಕೆ, ಓದಿಗೆ ಬಹಳ ಅನುಕೂಲ. ಆದರೆ ಅವು ಕೊಡುವ 65 ಅಥವಾ 90 ವ್ಯಾಟ್ ಆಟಕ್ಕೆ ಸಾಲದು. ಆಗ ಲ್ಯಾಪ್‌ಟಾಪಿನ ಸ್ವಂತ ಚಾರ್ಜರೇ ಬೇಕು. ಸದಾ ಚಾರ್ಜರಿನಲ್ಲೇ ಇರುವ ಲ್ಯಾಪ್‌ಟಾಪಿನ ಬ್ಯಾಟರಿ ಶೇ.80ಕ್ಕೆ ನಿಲ್ಲುವಂತೆ ಮಾಡುವ ಆಯ್ಕೆ ಹಲವು ಕಂಪನಿಗಳ ತಂತ್ರಾಂಶದಲ್ಲಿದೆ. ಅದನ್ನು ಬಳಸಿದರೆ ಬ್ಯಾಟರಿಯ ಆಯುಸ್ಸು ಹೆಚ್ಚು.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಉಳಿಯುತ್ತದೆ, ಮಾನಿಟರ್ ಕಪ್ಪಾಗುತ್ತದೆ. ಗಾಬರಿ ಬೇಡ. ವಿಂಡೋಸ್ ಕೀಲಿ-ಪಿ ಒತ್ತಿ ಲ್ಯಾಪ್‌ಟಾಪ್ ಪರದೆಗೆ ಮರಳಿದರೆ ಕೆಲಸ ಹಾಗೇ ಇರುತ್ತದೆ. ಮನೆಯ ಇನ್ವರ್ಟರಿಗೆ 25 ವ್ಯಾಟ್ ಭಾರವೇನಲ್ಲ.

ಹೆದರಬೇಕಾದ್ದು ಸಿಡಿಲಿಗೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್-ಮೇ, ತುಲಾವರ್ಷದ ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ ನಮ್ಮಲ್ಲಿ ಗುಡುಗು ಜಾಸ್ತಿ. ಮಾನಿಟರ್ ಮಾತ್ರ ಪ್ಲಗ್‌ನಲ್ಲಿದ್ದು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೂ ಎಚ್‌ಡಿಎಂಐ ಕೇಬಲ್ ಎರಡನ್ನೂ ಕಟ್ಟಿಹಾಕಿರುತ್ತದೆ. ಏಟು ಅದರ ಮೂಲಕವೂ ದಾಟಬಹುದು. ಮೊದಲ ಗುಡುಗಿಗೇ ಎರಡರ ಪ್ಲಗ್ಗನ್ನೂ ಇಂಟರ್‌ನೆಟ್ ವಯರನ್ನೂ ಕಿತ್ತು, ಎಚ್‌ಡಿಎಂಐ ಬಿಡಿಸಿ ಇಡಿ. ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ ಪಾಯಿಂಟೇ ಬಳಸಿ.

ಮಂಗಳೂರೋ, ಕಾಸರಗೋಡೋ?

ಎಲೆಕ್ಟ್ರಾನಿಕ್ಸ್ ಅಂದರೆ 50 ಕಿ.ಮೀ. ದೂರದ ಮಂಗಳೂರಿಗೆ ಓಡುವುದು ಇಲ್ಲಿನ ಹಳೆಯ ರೂಢಿ. ರಾಜ್ಯ ರಾಜ್ಯಕ್ಕೆ ತೆರಿಗೆ ಬೇರೆ ಇದ್ದ ಕಾಲದಲ್ಲಿ ಅದಕ್ಕೊಂದು ಲೆಕ್ಕವೂ ಇತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ತಲಪಾಡಿಯ ಆಚೆಗೂ ಈಚೆಗೂ ತೆರಿಗೆ ದರ ಒಂದೇ. ಲ್ಯಾಪ್‌ಟಾಪಿಗೆ ಶೇ.18. ಮಾನಿಟರಿನಲ್ಲಿ 32 ಇಂಚಿನವರೆಗಿನದ್ದು 2019ರ ಜನವರಿಯಲ್ಲಿ ಶೇ.28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದೂ 2025ರ ಸೆಪ್ಟೆಂಬರಿನಲ್ಲಿ ಇಳಿಯಿತು. ಈಗ ಅಂಗಡಿಯ ರಿಯಾಯಿತಿಯಲ್ಲಿ ವ್ಯತ್ಯಾಸ ಇರಬಹುದೇ ಹೊರತು ತೆರಿಗೆಯಲ್ಲಿ ಅಲ್ಲ.

ಹಾಗಾಗಿ ಬೆಲೆಗಿಂತ ಮೊದಲು ಕೇಳಬೇಕಾದ್ದು ಸರ್ವಿಸ್ ಬಗ್ಗೆ. 671ರಿಂದ ಶುರುವಾಗುವ ನಮ್ಮ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುತ್ತಾರೆಯೇ? ಕೆಟ್ಟರೆ ಮಂಗಳೂರಿಗೆ ಒಯ್ಯಬೇಕೋ, ಕಣ್ಣೂರಿಗೋ? ಬಿಲ್ಲಿನಲ್ಲಿ ಮಾದರಿ ಸಂಖ್ಯೆ ಸರಿಯಾಗಿದೆಯೇ? ಮನೆಗೆ ತಂದ ದಿನವೇ ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣ ಒಂದೊಂದಾಗಿ ಹಾಕಿ ಸತ್ತ ಚುಕ್ಕಿ ಇದೆಯೇ ನೋಡಿ. ಇದ್ದರೆ ಬದಲಿಸಿಕೊಡಲು ಕೇಳುವುದು ಆಗಲೇ ಸುಲಭ, ತಿಂಗಳು ಕಳೆದ ಮೇಲಲ್ಲ.

ಮನೆಯ ನಡುವೆ ಇಡಿ

ಕೊನೆಗೆ ಹೆತ್ತವರ ಆ ಮೊದಲ ಭಯ: ದೊಡ್ಡ ಪರದೆ ತಂದುಕೊಟ್ಟರೆ ಆಟ ಇನ್ನೂ ಹೆಚ್ಚಾಗದೇ? ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಗೀಳಿಗೂ ಜಾಗವಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನನ್ನೇ ಮಾಡಿದೆ.

ಆದರೆ ಯೋಚಿಸಿ. ಕೋಣೆಯ ಬಾಗಿಲು ಹಾಕಿಕೊಂಡು ಹೊದಿಕೆಯೊಳಗೆ ಆಡಲು ಸಾಧ್ಯವಿರುವುದು ಸಣ್ಣ ಪರದೆಯಲ್ಲಿ. 27 ಇಂಚಿನ ಮಾನಿಟರನ್ನು ಹೊದಿಕೆಯೊಳಗೆ ಒಯ್ಯಲಾಗದು! ಅದನ್ನು ಹಾಲ್‌ನಲ್ಲೋ, ಎಲ್ಲರೂ ಓಡಾಡುವ ಚಾವಡಿಯಲ್ಲೋ ಇಟ್ಟರೆ ಮಗ ಏನು ಮಾಡುತ್ತಿದ್ದಾನೆ ಎಂದು ಇಣುಕಬೇಕಾಗಿಲ್ಲ, ಹಾದುಹೋಗುವಾಗ ಕಂಡೇ ಕಾಣುತ್ತದೆ.

ಅಷ್ಟೇ ಅಲ್ಲ. ಮಗಳು ಕಾಲೇಜಿನಿಂದ ಬರುವವರೆಗೆ ಆ ಮಾನಿಟರ್ ಸುಮ್ಮನೆ ಯಾಕಿರಬೇಕು? ಹಳೆಯ ಸಾಧಾರಣ ಲ್ಯಾಪ್‌ಟಾಪ್ ಒಂದಿದ್ದರೆ ಅದನ್ನೇ ಚುಚ್ಚಿ ಅಮ್ಮ ಸಂಘದ ಲೆಕ್ಕ ಬರೆಯಬಹುದು, ಅಜ್ಜ ಪತ್ರಿಕೆಯ ಇ-ಪೇಪರನ್ನು ಕನ್ನಡಕ ಒರೆಸದೆ ಓದಬಹುದು. 1956ರ ನವೆಂಬರ್ 1ರಂದು ಗಡಿ ಬದಲಾದ ಮೇಲೂ ನಮ್ಮ ಮನೆಗಳಲ್ಲಿ ಕನ್ನಡ ಉಳಿದದ್ದು ಓದುವ ಕಣ್ಣುಗಳಿಂದ. ಆ ಕಣ್ಣಿಗೆ ಅಕ್ಷರ ಸ್ವಲ್ಪ ದೊಡ್ಡದಾಗಿ ಕಂಡರೆ ಒಳ್ಳೆಯದೇ ಅಲ್ಲವೇ?

ಕೊಳ್ಳಲು ಹೊರಡುವ ಮೊದಲು ಮನೆಯವರೆಲ್ಲ ಕೂತು ಮೂರು ವಿಷಯ ತೀರ್ಮಾನಿಸಿ: ಮೇಜು ಎಲ್ಲಿ, ಮೇಜಿನ ಅಳತೆ ಎಷ್ಟು, ಯಾವ ಹೊತ್ತಿಗೆ ಯಾರ ಸರದಿ. ಲ್ಯಾಪ್‌ಟಾಪಿನ ಹೊರಕಿಂಡಿಗಳ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಅದನ್ನು ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.